ಲೂಪ್ ಎಲ್ಲಿಗೆ ನಿಲ್ಲಬೇಕು? ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ಬದುಕು

ಡೈಕ್‌ಸ್ಟ್ರಾ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಅಲ್ಗಾರಿದಮ್ಸ್ ಲ್ಯಾಬ್. ಒಂದು ಗ್ರಾಫ್, ಒಂದು ಸೋರ್ಸ್ ನೋಡ್, ಅಲ್ಲಿಂದ ಉಳಿದ ಎಲ್ಲ ನೋಡ್‌ಗಳಿಗೆ ಹತ್ತಿರದ ದಾರಿ. ರೆಕಾರ್ಡ್ ಬರೆದು, ವೈವಾದಲ್ಲಿ ಕಾಂಪ್ಲೆಕ್ಸಿಟಿ ಹೇಳಿ, ಮುಂದಿನ ಪ್ರೋಗ್ರಾಮಿಗೆ ಹೋಗಿಬಿಡ್ತೀವಿ. ಆದರೆ ಅದೇ ಲ್ಯಾಬ್‌ನಲ್ಲಿ ನಾವು ಬರೆಯೋ ಪ್ರತಿ ಪ್ರೋಗ್ರಾಮಿನಲ್ಲೂ ಒಂದು ಫಾರ್ ಲೂಪ್ ಇರುತ್ತೆ, ಆ ಲೂಪ್ ಎಲ್ಲಿಗೆ ನಿಲ್ಲಬೇಕು ಅಂತ ಹೇಳೋ ಒಂದು ಲಿಮಿಟ್ ಇರುತ್ತೆ. ಎನ್ ಅಂತಲೋ, ಎನ್ ಮೈನಸ್ ಒಂದು ಅಂತಲೋ ಬರೆದು ಮುಂದಕ್ಕೆ ಹೋಗ್ತೀವಿ. ಆ ಲಿಮಿಟ್ ಅನ್ನು ಕಂಪೈಲರ್ ಶುರುವಿನಲ್ಲಿ ಒಂದೇ ಸಲ ಲೆಕ್ಕ ಹಾಕುತ್ತಾ, ಇಲ್ಲ ಪ್ರತಿ ಸುತ್ತಿಗೂ ಹೊಸದಾಗಿ ಲೆಕ್ಕ ಹಾಕುತ್ತಾ? ಲೂಪ್ ಒಳಗೇ ಎನ್ ಬದಲಾದ್ರೆ ಏನಾಗುತ್ತೆ? ಲಿಮಿಟ್ ಅನ್ನೋ ಸಂಖ್ಯೆ ಲೂಪಿಗೆ ಸೇರಿದ್ದೋ, ಅದರ ಹೊರಗಿನದ್ದೋ?

ಡೈಕ್‌ಸ್ಟ್ರಾ ಈ ಪ್ರಶ್ನೆಗಳನ್ನು ಮೊದಲು ಕಂಪೈಲರ್ ಬರೆಯುವವರಾಗಿ ಎದುರಿಸಿದರು, ಆಮೇಲೆ ಭಾಷೆ ರೂಪಿಸುವವರಾಗಿ, ಕೊನೆಗೆ ಮೇಷ್ಟರಾಗಿ. ಅವರ ಬದುಕನ್ನು ಈ ಒಂದು ಎಳೆ ಹಿಡಿದು ನೋಡೋಣ.

ರಾಟರ್‌ಡ್ಯಾಮಿನ ಹುಡುಗ

ಎಡ್ಸ್‌ಗರ್ ವೀಬೆ ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ. ತಂದೆ ಕೆಮಿಸ್ಟ್ರಿ ಮೇಷ್ಟರು, ಡಚ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷರೂ ಆಗಿದ್ದವರು. ತಾಯಿ ಗಣಿತ ಓದಿದವರು, ಆದರೆ ಯಾವತ್ತೂ ಹೊರಗೆ ನೌಕರಿ ಮಾಡಲಿಲ್ಲ. ಒಂದು ಲೆಕ್ಕಕ್ಕೆ ಹತ್ತು ಸಾಲಿನ ಉತ್ತರ ಬಂದರೆ, ಅದಕ್ಕೆ ಎರಡು ಸಾಲಿನ ಉತ್ತರ ಇರಬಹುದು ಅಂತ ಹುಡುಕುವ ಗುಣ ಮಗನಿಗೆ ಬಂದದ್ದು ತಾಯಿಯಿಂದ. ಹುಡುಗನಿಗೆ ಹತ್ತು ತುಂಬಿದ ಮೂರೇ ದಿನಕ್ಕೆ, 1940ರ ಮೇ 14ರಂದು, ಜರ್ಮನ್ ವಿಮಾನಗಳು ರಾಟರ್‌ಡ್ಯಾಮಿನ ನಡುಭಾಗವನ್ನು ಬಾಂಬ್ ಹಾಕಿ ನೆಲಸಮ ಮಾಡಿದವು. ಶಾಲೆಯ ವರ್ಷಗಳೆಲ್ಲ ಯುದ್ಧದ ನೆರಳಿನಲ್ಲೇ ಕಳೆದವು. ಕಾನೂನು ಓದಿ ವಿಶ್ವಸಂಸ್ಥೆಯಲ್ಲಿ ತನ್ನ ದೇಶದ ಪ್ರತಿನಿಧಿ ಆಗಬೇಕು ಅಂತ ಆ ಹುಡುಗನಿಗೆ ಒಂದು ಕಾಲಕ್ಕೆ ಆಸೆ ಇತ್ತು. ವಿಜ್ಞಾನದಲ್ಲಿ ಅಂಕಗಳು ಚೆನ್ನಾಗಿ ಬಂದಿದ್ದರಿಂದ ಆಸೆ ಬದಲಾಯಿತು. 1948ರಲ್ಲಿ ಶಾಲೆ ಮುಗಿಸಿ ಲೈಡನ್ ವಿಶ್ವವಿದ್ಯಾಲಯ ಸೇರಿದರು, ಮೊದಲು ಗಣಿತ, ಆಮೇಲೆ ಥಿಯರೆಟಿಕಲ್ ಫಿಸಿಕ್ಸ್.

1951ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರೋಗ್ರಾಮಿಂಗ್ ಬಗ್ಗೆ ಒಂದು ಚಿಕ್ಕ ಕೋರ್ಸ್ ನಡೆಯಿತು. ಎಡ್ಸ್ಯಾಕ್ ಅನ್ನೋ ಕಂಪ್ಯೂಟರ್ ಕಟ್ಟಿದ ಮಾರಿಸ್ ವಿಲ್ಕ್ಸ್ ಅವರ ಕಡೆಯದು. ಅದರ ಸುದ್ದಿ ತಂದೆಯ ಕಣ್ಣಿಗೆ ಬಿತ್ತು, ಮಗನಿಗೆ ಹೋಗಿ ಬಾ ಅಂದರು. ಫಿಸಿಕ್ಸ್‌ಗೆ ಉಪಯೋಗ ಆಗುತ್ತೆ ಅಂತ ಹೋದ ಹುಡುಗ ಪ್ರೋಗ್ರಾಮಿಂಗ್‌ನಲ್ಲೇ ಸಿಕ್ಕಿಹಾಕಿಕೊಂಡ. ವಿಷಯ ತಿಳಿದ ಆಮ್‌ಸ್ಟರ್‌ಡ್ಯಾಮಿನ ಮ್ಯಾಥಮ್ಯಾಟಿಕಲ್ ಸೆಂಟರ್‌ನ ಆಡ್ರಿಯಾನ್ ವಾನ್ ವೈನ್‌ಗಾರ್ಡನ್ ಕೆಲಸ ಕೊಡ್ತೀನಿ ಅಂದರು. 1952ರ ಮಾರ್ಚ್‌ನಲ್ಲಿ ಡೈಕ್‌ಸ್ಟ್ರಾ ಅಲ್ಲಿ ಪ್ರೋಗ್ರಾಮರ್ ಆದರು. ಆ ಹೆಸರಿನ ಕೆಲಸಕ್ಕೆ ಸೇರಿದ ಮೊದಲ ಡಚ್ ಪ್ರಜೆ ಅವರೇ ಅಂತ ಹೇಳ್ತಾರೆ.

ಇಲ್ಲದ ಯಂತ್ರಕ್ಕೆ ಪ್ರೋಗ್ರಾಮ್

ಅಲ್ಲಿನ ಕೆಲಸದ ರೀತಿ ನಮಗೆ ವಿಚಿತ್ರ ಅನ್ನಿಸಬಹುದು. ಲೋಪ್‌ಸ್ಟ್ರಾ, ಸ್ಕೋಲ್ಟನ್ ಅನ್ನೋ ಇಬ್ಬರು ಗೆಳೆಯರು ಯಂತ್ರ ಕಟ್ಟುತ್ತಿದ್ದರು. ಅದಕ್ಕೆ ಯಾವ ಇನ್‌ಸ್ಟ್ರಕ್ಷನ್ ಇರಬೇಕು ಅಂತ ಮೂವರೂ ಕೂತು ತೀರ್ಮಾನ ಮಾಡ್ತಿದ್ದರು. ಆಮೇಲೆ ಅವರಿಬ್ಬರು ಯಂತ್ರ ಕಟ್ಟುತ್ತಾ ಇದ್ದರೆ, ಡೈಕ್‌ಸ್ಟ್ರಾ ಇನ್ನೂ ಹುಟ್ಟದ ಆ ಯಂತ್ರಕ್ಕೆ ಮ್ಯಾನ್ಯುವಲ್ಲೂ ಪ್ರೋಗ್ರಾಮುಗಳೂ ಬರೆಯುತ್ತಿದ್ದರು. ರನ್ ಮಾಡಿ ನೋಡೋಣ ಅನ್ನೋಕೆ ಯಂತ್ರವೇ ಇಲ್ಲ. ಬರೆದದ್ದು ಸರಿ ಅಂತ ಕಾಗದದ ಮೇಲೇ ಖಾತ್ರಿ ಆಗಬೇಕು. ಈ ಅಭ್ಯಾಸ ಅವರನ್ನು ಕೊನೆತನಕ ಬಿಡಲಿಲ್ಲ. ಲೂಪ್ ಬಗ್ಗೆ ಮುಂದೆ ಅವರು ಹಿಡಿದ ಹಟಕ್ಕೆಲ್ಲ ಬೇರು ಇಲ್ಲಿದೆ: ಪ್ರೋಗ್ರಾಮ್ ಓದುವವನಿಗೆ ಅದು ಏನು ಮಾಡುತ್ತೆ ಅಂತ ಓಡಿಸದೆಯೇ ಗೊತ್ತಾಗಬೇಕು.

1955ರ ಹೊತ್ತಿಗೆ ಫಿಸಿಕ್ಸೋ ಪ್ರೋಗ್ರಾಮಿಂಗೋ ಅನ್ನೋ ಗೊಂದಲ. ಫಿಸಿಕ್ಸ್‌ನಲ್ಲಿ ಗಟ್ಟಿಯಾದ ಶಾಸ್ತ್ರ ಇದೆ, ಮರ್ಯಾದೆ ಇದೆ. ಪ್ರೋಗ್ರಾಮಿಂಗ್‌ನಲ್ಲಿ ಏನಿದೆ? ವಾನ್ ವೈನ್‌ಗಾರ್ಡನ್ ಹತ್ತಿರ ಹೋಗಿ ಮನಸ್ಸು ಬಿಚ್ಚಿದರು. ಗುರುಗಳು ಸಮಾಧಾನವಾಗಿ ಕೇಳಿಸಿಕೊಂಡು, ಕಂಪ್ಯೂಟರುಗಳು ಇನ್ನು ಹೋಗುವುದಿಲ್ಲ, ಪ್ರೋಗ್ರಾಮಿಂಗನ್ನು ಮರ್ಯಾದೆಯ ವಿದ್ಯೆ ಮಾಡುವ ಕೆಲಸ ನಿನ್ನಿಂದಲೇ ಯಾಕಾಗಬಾರದು ಅಂತ ಕೇಳಿದರು. ಬದುಕಿನ ದಿಕ್ಕು ಅಲ್ಲೇ ತೀರ್ಮಾನ ಆಯಿತು. ಆದರೆ ಮರ್ಯಾದೆ ಅಷ್ಟು ಬೇಗ ಬರಲಿಲ್ಲ. 1957ರಲ್ಲಿ ರಿಯಾ ಡೆಬೆಟ್ಸ್ ಅವರನ್ನು ಮದುವೆಯಾದಾಗ ರಿಜಿಸ್ಟರ್‌ನಲ್ಲಿ ವೃತ್ತಿ ಪ್ರೋಗ್ರಾಮರ್ ಅಂತ ಬರೆಸಲು ಹೋದರೆ ಅಧಿಕಾರಿಗಳು ಒಪ್ಪಲಿಲ್ಲ, ಅಂಥ ವೃತ್ತಿಯೇ ಇಲ್ಲ ಅಂದರು. ಕೊನೆಗೆ ಥಿಯರೆಟಿಕಲ್ ಫಿಸಿಸಿಸ್ಟ್ ಅಂತ ಬರೆಸಬೇಕಾಯಿತು.

ನಮ್ಮ ಲ್ಯಾಬ್‌ನ ಶಾರ್ಟೆಸ್ಟ್ ಪಾತ್ ಹುಟ್ಟಿದ್ದೂ ಇದೇ ಕಾಲದಲ್ಲಿ. 1956ರಲ್ಲಿ ಆರ್ಮ್ಯಾಕ್ ಅನ್ನೋ ಹೊಸ ಯಂತ್ರದ ಪ್ರದರ್ಶನಕ್ಕೆ ಜನಸಾಮಾನ್ಯರಿಗೂ ಅರ್ಥವಾಗುವ ಒಂದು ಸಮಸ್ಯೆ ಬೇಕಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ರಿಯಾ ಜೊತೆ ಶಾಪಿಂಗ್ ಮಾಡಿ ದಣಿದು ಒಂದು ಕೆಫೆಯಲ್ಲಿ ಕಾಫಿಗೆ ಕೂತಾಗ, ಪೆನ್ನು ಪೇಪರ್ ಇಲ್ಲದೆ, ಇಪ್ಪತ್ತೇ ನಿಮಿಷದಲ್ಲಿ ಅದು ಹೊಳೆಯಿತು. ಮೂರು ವರ್ಷ ಬಿಟ್ಟು 1959ರಲ್ಲಿ ಅಚ್ಚಾಯಿತು.

ಫೋರ್ಟ್ರಾನ್ ಒಂದು ದಾರಿ, ಆಲ್ಗಾಲ್ ಇನ್ನೊಂದು ದಾರಿ

ಈಗ ಲೂಪ್ ಕಡೆ ಬರೋಣ. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ಅವರ ತಂಡ 704 ಯಂತ್ರಕ್ಕೆ ಫೋರ್ಟ್ರಾನ್ ಕಂಪೈಲರ್ ಕೊಟ್ಟಿತು. ಅದರ ಡೂ ಲೂಪ್‌ನಲ್ಲಿ ಲಿಮಿಟ್ ಜಾಗದಲ್ಲಿ ಎಕ್ಸ್‌ಪ್ರೆಶನ್ ಬರೆಯೋ ಹಾಗೇ ಇರಲಿಲ್ಲ. ಒಂದು ಸಂಖ್ಯೆ, ಇಲ್ಲವೇ ಒಂದು ಸಾದಾ ಇಂಟಿಜರ್ ವೇರಿಯಬಲ್, ಅಷ್ಟೇ. ಲೂಪ್ ಒಳಗೆ ಆ ವೇರಿಯಬಲ್ಲನ್ನು ಬದಲಾಯಿಸಬಾರದು ಅನ್ನೋ ನಿಯಮ ಬೇರೆ. ಯಾಕೆ ಇಷ್ಟು ಬಿಗಿ ಅಂದ್ರೆ, 704ರಲ್ಲಿ ಇದ್ದದ್ದು ಮೂರೇ ಇಂಡೆಕ್ಸ್ ರಿಜಿಸ್ಟರ್. ಕೌಂಟರನ್ನು ಅದರಲ್ಲಿ ಇಟ್ಟು ಒಂದೆರಡು ಇನ್‌ಸ್ಟ್ರಕ್ಷನ್‌ನಲ್ಲಿ ಲೂಪ್ ತಿರುಗಿಸಬೇಕು, ಕೈಯಲ್ಲಿ ಬರೆದ ಅಸೆಂಬ್ಲಿಯಷ್ಟೇ ವೇಗ ಬರಬೇಕು. ಲಿಮಿಟ್ ಅಲುಗಾಡಿದರೆ ಆ ಲೆಕ್ಕ ಕೆಡುತ್ತೆ. ಅಂದರೆ ಅಲ್ಲಿ ಯಂತ್ರಕ್ಕೆ ಏನು ಸುಲಭವೋ ಅದೇ ಭಾಷೆಯ ನಿಯಮ ಆಯಿತು.

1960ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಯೂರೋಪ್, ಅಮೆರಿಕದ ತಜ್ಞರು ಸೇರಿ ಆಲ್ಗಾಲ್ 60 ಭಾಷೆಗೆ ಕೊನೆಯ ರೂಪ ಕೊಟ್ಟರು. ಡೆನ್ಮಾರ್ಕ್‌ನ ಪೀಟರ್ ನೌರ್ ಸಂಪಾದಿಸಿದ ಅದರ ವರದಿ ತೀರಾ ಚಿಕ್ಕದು, ಆದರೆ ಬಹಳ ಖಚಿತ. ಇವರು ಯಂತ್ರದ ಮುಖ ನೋಡಲಿಲ್ಲ. ಶುರುವಿನ ಬೆಲೆ ಎ, ಹೆಜ್ಜೆ ಬಿ, ಲಿಮಿಟ್ ಸಿ ಅಂತ ಇಟ್ಟುಕೊಳ್ಳಿ. ಮೂರು ಜಾಗದಲ್ಲೂ ಯಾವ ಎಕ್ಸ್‌ಪ್ರೆಶನ್ ಬೇಕಾದರೂ ಬರೆಯಬಹುದು. ಲೂಪ್‌ನ ಅರ್ಥವನ್ನು ವರದಿ ಬಿಡಿಸಿ ಹೇಳಿತ್ತು. ಮೊದಲು ಕೌಂಟರಿಗೆ ಎ ಹಾಕು. ಆಮೇಲೆ ಕೌಂಟರಿನಿಂದ ಸಿ ಕಳೆದು, ಅದನ್ನು ಬಿಯ ಚಿಹ್ನೆಯಿಂದ ಗುಣಿಸು. ಬಂದದ್ದು ಸೊನ್ನೆಗಿಂತ ದೊಡ್ಡದಾದರೆ ಲೂಪ್ ಮುಗಿಯಿತು. ಇಲ್ಲದಿದ್ದರೆ ಬಾಡಿ ಓಡಿಸು, ಕೌಂಟರಿಗೆ ಬಿ ಸೇರಿಸು, ಮತ್ತೆ ಪರೀಕ್ಷೆಗೆ ಹೋಗು.

ಇದನ್ನು ಇದ್ದಹಾಗೆ ಓದಿದರೆ ಎ ಲೆಕ್ಕ ಆಗೋದು ಒಂದು ಸಲ. ಸಿ ಪ್ರತಿ ಸುತ್ತಿಗೂ ಒಂದು ಸಲ ಲೆಕ್ಕ ಆಗುತ್ತೆ. ಬಿ ಪರೀಕ್ಷೆಯಲ್ಲಿ ಒಂದು ಸಲ, ಕೂಡುವಾಗ ಇನ್ನೊಂದು ಸಲ. ಲೂಪ್ ಲಿಮಿಟ್ ಎನ್ ಆಗಿದ್ದು, ಬಾಡಿಯಲ್ಲಿ ಎನ್‌ಗೆ ಪ್ರತಿ ಸಲ ಒಂದು ಕೂಡಿಸಿದರೆ, ಲೂಪ್ ಎಷ್ಟು ಓಡಿದರೂ ಗಡಿ ಅಷ್ಟೇ ಮುಂದಕ್ಕೆ ಓಡುತ್ತೆ. ತನ್ನ ನೆರಳನ್ನು ತಾನೇ ದಾಟೋಕೆ ಹೊರಟ ಹಾಗೆ. ಸಿ ಜಾಗದಲ್ಲಿ ಫಂಕ್ಷನ್ ಕಾಲ್ ಇದ್ದರೆ ಆ ಫಂಕ್ಷನ್ ಪ್ರತಿ ಸುತ್ತಿಗೂ ಓಡಬೇಕು, ಅದು ಏನಾದರೂ ಪ್ರಿಂಟ್ ಮಾಡಿದರೆ ಪ್ರತಿ ಸುತ್ತಿಗೂ ಪ್ರಿಂಟ್ ಆಗಬೇಕು. ಲೂಪ್ ಮುಗಿದ ಮೇಲೆ ಕೌಂಟರಿನ ಬೆಲೆ ಎಷ್ಟು ಅಂತಾನೂ ನಂಬುವ ಹಾಗಿಲ್ಲ.

ಇದರ ಮೇಲೆ ಕಾಲ್ ಬೈ ನೇಮ್ ಅನ್ನೋದು ಬೇರೆ. ಆಲ್ಗಾಲ್‌ನಲ್ಲಿ ಪ್ರೊಸೀಜರಿಗೆ ಒಂದು ಎಕ್ಸ್‌ಪ್ರೆಶನ್ ಕಳಿಸಿದರೆ, ಅದರ ಬೆಲೆ ಹೋಗದೆ ಆ ಎಕ್ಸ್‌ಪ್ರೆಶನ್ನೇ ಹೋಗಬಹುದು, ಒಳಗೆ ಬಳಸಿದಾಗಲೆಲ್ಲ ಅದು ಹೊಸದಾಗಿ ಲೆಕ್ಕ ಆಗಬಹುದು. ನೌರ್ ಅವರ ಸಹೋದ್ಯೋಗಿ ಯೊರ್ನ್ ಯೆನ್ಸನ್ ಇದನ್ನೇ ಬಳಸಿ, ಒಂದೇ ಪ್ರೊಸೀಜರಿನಲ್ಲಿ ಯಾವ ಸರಣಿಯ ಮೊತ್ತ ಬೇಕಾದರೂ ಮಾಡುವ ಚಮತ್ಕಾರ ತೋರಿಸಿದರು. ಲೂಪ್ ಲಿಮಿಟ್ಟೇ ಹೀಗೆ ಹೆಸರಿನ ಮೂಲಕ ಬಂದರೆ, ಪ್ರತಿ ಸುತ್ತಿನ ಪರೀಕ್ಷೆಗೂ ಕಾಲ್ ಮಾಡಿದವರ ಮನೆಗೆ ವಾಪಸ್ ಹೋಗಿ, ಅವರ ವೇರಿಯಬಲ್‌ಗಳನ್ನಿಟ್ಟುಕೊಂಡು ಲೆಕ್ಕ ಮಾಡಿ ಬರಬೇಕು.

ಗಡ್ಡದ ಕಂಪೈಲರ್

ಈ ಭಾಷೆಗೆ ಕಂಪೈಲರ್ ಬರೆಯೋಕೆ ಹೊರಟವರು ಡೈಕ್‌ಸ್ಟ್ರಾ ಮತ್ತು ಯಾಪ್ ಝೊನೆವೆಲ್ಡ್. ಯಂತ್ರ ಎಲೆಕ್ಟ್ರೊಲಾಜಿಕಾ ಎಕ್ಸ್1, 27 ಬಿಟ್‌ನ ವರ್ಡ್, ಮೆಮೊರಿ ಬಹಳ ಕಡಿಮೆ. ಕಂಪೈಲರ್ ಮುಗಿಯೋವರೆಗೆ ಇಬ್ಬರೂ ಗಡ್ಡ ತೆಗೆಯೋದಿಲ್ಲ ಅಂತ ಹರಕೆ ಹೊತ್ತರು ಅನ್ನೋ ಕಥೆ ಇದೆ. 1960ರ ಆಗಸ್ಟ್‌ನಲ್ಲಿ ಕಂಪೈಲರ್ ಓಡಿತು. ಝೊನೆವೆಲ್ಡ್ ಗಡ್ಡ ತೆಗೆದರು. ಡೈಕ್‌ಸ್ಟ್ರಾ ಮಾತ್ರ ಉಳಿಸಿಕೊಂಡರು. ನಾವು ಫೋಟೋದಲ್ಲಿ ನೋಡುವ ಗಡ್ಡದ ಹಿಂದಿನ ಕಥೆ ಇದು.

ಆಲ್ಗಾಲ್ 60ಕ್ಕೆ ಬಂದ ಮೊದಮೊದಲ ಕಂಪೈಲರ್‌ಗಳಲ್ಲಿ ಅದೂ ಒಂದು. ಅದರ ಹಿಂದಿನ ಮುಖ್ಯ ವಿಚಾರ ಸ್ಟ್ಯಾಕ್. ಫಂಕ್ಷನ್ ತನ್ನನ್ನೇ ತಾನು ಕರೆದುಕೊಂಡರೂ ಗೊಂದಲ ಆಗದ ಹಾಗೆ, ಪ್ರತಿ ಕಾಲ್‌ಗೂ ಸ್ಟ್ಯಾಕ್ ಮೇಲೆ ಬೇರೆ ಜಾಗ. ಅದೇ ವರ್ಷ ರಿಕರ್ಸಿವ್ ಪ್ರೋಗ್ರಾಮಿಂಗ್ ಅನ್ನೋ ಲೇಖನದಲ್ಲಿ ಇದನ್ನು ವಿವರಿಸಿದರು. ಲೂಪ್ ಲಿಮಿಟ್ಟಿಗೂ ಇದೇ ಆಸರೆ. ಲಿಮಿಟ್‌ನಲ್ಲಿ ಫಂಕ್ಷನ್ ಕಾಲ್ ಇರಬಹುದು, ಆ ಫಂಕ್ಷನ್ ಒಳಗೆ ಇನ್ನೊಂದು ಲೂಪ್ ಇರಬಹುದು, ಆ ಲೂಪ್ ಮತ್ತೆ ಇದೇ ಫಂಕ್ಷನ್ನನ್ನು ಕರೆಯಬಹುದು. ಲಿಮಿಟ್ಟನ್ನು ಎಲ್ಲೋ ಒಂದು ಗೊತ್ತಾದ ಮೆಮೊರಿ ವಿಳಾಸದಲ್ಲಿ ಇಟ್ಟು ಸುಮ್ಮನಾದರೆ ಎಲ್ಲ ಕಲಸಿಹೋಗುತ್ತೆ. ಸ್ಟ್ಯಾಕ್ ಇದ್ದರೆ ಪ್ರತಿ ಲೆಕ್ಕಕ್ಕೂ ಅದರದೇ ಜಾಗ.

ಇಂಥ ಭಾಷೆಗೆ ಕಂಪೈಲರ್ ಬರೆಯೋರ ಮುಂದೆ ಎರಡು ದಾರಿ ಇರುತ್ತೆ. ವರದಿ ಹೇಳಿದ್ದನ್ನೆಲ್ಲ ನಿಷ್ಠೆಯಿಂದ ಮಾಡೋದು ಒಂದು. ಎಲ್ಲ ಲೂಪಿಗೂ ಎಲ್ಲ ಖರ್ಚು ಬೀಳುತ್ತೆ, ಹತ್ತು ಎಲಿಮೆಂಟ್ ಕೂಡೋ ಸಾದಾ ಲೂಪ್ ಕೂಡ ಚಿಹ್ನೆ ನೋಡಿ, ಗುಣಿಸಿ, ಹೋಲಿಸಿ ಏದುಸಿರು ಬಿಡುತ್ತೆ. ಇನ್ನೊಂದು, ಸಾದಾ ಲೂಪ್ ಯಾವುದು ಅಂತ ಗುರುತಿಸಿ ಅದಕ್ಕೆ ಅಡ್ಡದಾರಿ ಮಾಡಿಕೊಡೋದು. ಹೆಜ್ಜೆ 1 ಅಂತ ಬರೆದಿದ್ದರೆ ಚಿಹ್ನೆ ಕಂಪೈಲ್ ಹೊತ್ತಿಗೇ ಗೊತ್ತು, ಒಂದು ಹೋಲಿಕೆ ಸಾಕು. ಲಿಮಿಟ್ ಸಂಖ್ಯೆಯೇ ಆಗಿದ್ದರೆ ಮತ್ತೆ ಲೆಕ್ಕ ಬೇಡ. ಆದರೆ ಲಿಮಿಟ್ ವೇರಿಯಬಲ್ ಆಗಿದ್ದರೆ ಬಾಡಿಯಲ್ಲಿ ಅದು ಎಲ್ಲೂ ಬದಲಾಗಲ್ಲ ಅಂತ ಖಾತ್ರಿ ಆಗಬೇಕು. ಬಾಡಿಯಲ್ಲಿ ಒಂದು ಪ್ರೊಸೀಜರ್ ಕಾಲ್ ಇದ್ದರೂ ಆ ಖಾತ್ರಿ ಕೈತಪ್ಪುತ್ತೆ. ನೂರರಲ್ಲಿ ಒಬ್ಬ ಪ್ರೋಗ್ರಾಮರ್ ಬಳಸಬಹುದಾದ ಸ್ವಾತಂತ್ರ್ಯಕ್ಕೆ ಉಳಿದವರೆಲ್ಲ ಬೆಲೆ ತೆರುವ ಸ್ಥಿತಿ ಇದು.

ಐಂಡ್‌ಹೋವನ್ ಮತ್ತು ಜಗಳಗಳು

1962ರಲ್ಲಿ ಡೈಕ್‌ಸ್ಟ್ರಾ ಐಂಡ್‌ಹೋವನ್‌ನ ಟೆಕ್ನಿಕಲ್ ವಿಶ್ವವಿದ್ಯಾಲಯಕ್ಕೆ ಗಣಿತದ ಪ್ರೊಫೆಸರ್ ಆಗಿ ಹೋದರು. ಅಲ್ಲಿ ಚಿಕ್ಕ ತಂಡ ಕಟ್ಟಿ ಟಿಎಚ್‌ಇ ಅನ್ನೋ ಆಪರೇಟಿಂಗ್ ಸಿಸ್ಟಮ್ ಮಾಡಿದರು. ಓಎಸ್ ಪೇಪರ್‌ನಲ್ಲಿ ನಾವು ಓದುವ ಸೆಮಫೋರ್ ಅವರದೇ. 1968ರ ಮಾರ್ಚ್‌ನಲ್ಲಿ ಗೋಟೂ ವಿರುದ್ಧ ಅವರು ಬರೆದ ಪತ್ರ ಅಚ್ಚಾಯಿತು. ಗೋಟೂ ಹಾನಿಕರ ಅನ್ನೋ ಅರ್ಥದ ಆ ಪ್ರಸಿದ್ಧ ತಲೆಬರಹ ಇಟ್ಟಿದ್ದು ಅವರಲ್ಲ, ಸಂಪಾದಕರಾಗಿದ್ದ ನಿಕ್ಲಾಸ್ ವಿರ್ತ್. ಪತ್ರದ ತಿರುಳು ಸರಳ. ಓಡುತ್ತಿರುವ ಪ್ರೋಗ್ರಾಮ್ ಈಗ ಎಲ್ಲಿದೆ ಅಂತ ಹೇಳೋಕೆ ನಮಗೊಂದು ಗುರುತು ಬೇಕು. ಲೂಪ್ ಒಳಗಿದ್ದರೆ ಎಷ್ಟನೇ ಸುತ್ತು ಅನ್ನೋದು ಅಂಥ ಗುರುತು. ಮನಸ್ಸಿಗೆ ಬಂದ ಹಾಗೆ ನೆಗೆಯೋ ಗೋಟೂ ಆ ಗುರುತನ್ನೇ ಅಳಿಸಿಹಾಕುತ್ತೆ.

ಅದೇ ವರ್ಷದ ಕೊನೆಯಲ್ಲಿ ಇನ್ನೊಂದು ಜಗಳ. ಗುರುಗಳಾದ ವಾನ್ ವೈನ್‌ಗಾರ್ಡನ್ ಮುಂದೆ ನಿಂತು ರೂಪಿಸಿದ ಆಲ್ಗಾಲ್ 68 ಭಾಷೆ ತೀರಾ ಜಟಿಲ ಆಯಿತು ಅಂತ ಕಮಿಟಿಯ ಕೆಲವರು ಭಿನ್ನಮತದ ವರದಿ ಕೊಟ್ಟರು. ಸಹಿ ಹಾಕಿದವರಲ್ಲಿ ಡೈಕ್‌ಸ್ಟ್ರಾ ಒಬ್ಬರು. ಕೈಹಿಡಿದು ಈ ವಿದ್ಯೆಗೆ ತಂದವರ ವಿರುದ್ಧ ಸಹಿ ಹಾಕೋದು ಸಣ್ಣ ಮಾತಲ್ಲ. ಲೂಪ್ ವಿಷಯದಲ್ಲಿ ಮಾತ್ರ ಆ ಭಾಷೆ ಹಳೆಯ ಗೋಜಲನ್ನು ಬಿಡಿಸಿತ್ತು ಅನ್ನೋದನ್ನೂ ಹೇಳಲೇಬೇಕು. ಆಲ್ಗಾಲ್ 68ರಲ್ಲಿ ಶುರು, ಹೆಜ್ಜೆ, ಲಿಮಿಟ್ ಮೂರೂ ಲೂಪ್‌ಗೆ ಮುಂಚೆ ಒಂದೇ ಸಲ ಲೆಕ್ಕ ಆಗುತ್ತವೆ, ಕೌಂಟರನ್ನು ಬಾಡಿಯಲ್ಲಿ ಬದಲಾಯಿಸೋಕೆ ಬರಲ್ಲ. ವಿರ್ತ್ 1970ರಲ್ಲಿ ಪ್ರಕಟಿಸಿದ ಪ್ಯಾಸ್ಕಲ್ ಕೂಡ ಲಿಮಿಟ್ಟನ್ನು ಒಂದೇ ಸಲ ಲೆಕ್ಕ ಹಾಕುತ್ತೆ. ಫೋರ್ಟ್ರಾನ್ 77 ಎಕ್ಸ್‌ಪ್ರೆಶನ್‌ಗೆ ಅವಕಾಶ ಕೊಟ್ಟಿತು, ಆದರೆ ಎಷ್ಟು ಸುತ್ತು ಅನ್ನೋದನ್ನು ಶುರುವಿನಲ್ಲೇ ಲೆಕ್ಕ ಹಾಕಿ ಇಟ್ಟುಕೊಂಡಿತು. ಒಟ್ಟಿನಲ್ಲಿ ಜಗತ್ತು ಫಾರ್ ಲೂಪ್‌ನ ಗಡಿಯನ್ನು ಗಟ್ಟಿ ಮಾಡುವ ಕಡೆ ಹೊರಳಿತ್ತು.

ಫಾರ್ ಇಲ್ಲದ ಭಾಷೆ

1972ರಲ್ಲಿ ಡೈಕ್‌ಸ್ಟ್ರಾ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. 1973ರಲ್ಲಿ ಬರೋಸ್ ಕಂಪನಿಯ ರಿಸರ್ಚ್ ಫೆಲೋ ಆದರು. ಆಫೀಸು ಅಂದ್ರೆ ನ್ಯೂನೆನ್ ಅನ್ನೋ ಊರಿನ ಅವರ ಮನೆಯ ಒಂದು ಕೋಣೆ. ಅಲ್ಲಿ ಕೂತು ಅವರು ಎಲ್ಲರಿಗಿಂತ ಮುಂದಿನ ಹೆಜ್ಜೆ ಇಟ್ಟರು. ಲಿಮಿಟ್ಟನ್ನು ಎಷ್ಟು ಸಲ ಲೆಕ್ಕ ಹಾಕಬೇಕು ಅನ್ನೋ ಚರ್ಚೆಯನ್ನೇ ಬದಿಗಿಟ್ಟು, ಫಾರ್ ಲೂಪ್ ಇಲ್ಲದ ಒಂದು ಪುಟ್ಟ ಭಾಷೆ ಮಾಡಿದರು. 1975ರಲ್ಲಿ ಲೇಖನವಾಗಿ, 1976ರಲ್ಲಿ ಎ ಡಿಸಿಪ್ಲಿನ್ ಆಫ್ ಪ್ರೋಗ್ರಾಮಿಂಗ್ ಅನ್ನೋ ಪುಸ್ತಕವಾಗಿ ಅದು ಹೊರಬಂತು.

ಆ ಭಾಷೆಯಲ್ಲಿ ಲೂಪ್ ಅಂದ್ರೆ ಕೆಲವು ಗಾರ್ಡ್‌ಗಳು, ಅಂದರೆ ಬಾಗಿಲಲ್ಲಿ ನಿಂತ ಷರತ್ತುಗಳು. ಯಾವುದಾದರೂ ಷರತ್ತು ನಿಜ ಇರೋವರೆಗೆ ಅದರ ಮುಂದಿನ ಕೆಲಸ ಮಾಡು, ಯಾವುದೂ ನಿಜ ಅಲ್ಲ ಅಂದಾಗ ನಿಲ್ಲಿಸು. ಷರತ್ತು ಪ್ರತಿ ಸುತ್ತಿಗೂ ಪರೀಕ್ಷೆ ಆಗುತ್ತೆ, ಮುಚ್ಚುಮರೆ ಇಲ್ಲ. ಒಂದು ಅರೇಯ ಮೊತ್ತ ಮಾಡಬೇಕು ಅಂದುಕೊಳ್ಳಿ. ಎಸ್ ಅನ್ನೋದು ಯಾವಾಗಲೂ ಮೊದಲ ಐ ಎಲಿಮೆಂಟ್‌ಗಳ ಮೊತ್ತ ಆಗಿರಬೇಕು. ಶುರುವಿನಲ್ಲಿ ಐ ಸೊನ್ನೆ, ಎಸ್ ಸೊನ್ನೆ, ಮಾತು ನಿಜ. ಪ್ರತಿ ಸುತ್ತಿನ ಕೊನೆಗೂ ಮಾತು ನಿಜವಾಗಿಯೇ ಉಳಿಯುತ್ತೆ. ಇದೇ ಇನ್ವೇರಿಯಂಟ್. ಇನ್ನು ಗಾರ್ಡ್. ನಾವಾದರೆ ಐ ಎನ್‌ಗಿಂತ ಚಿಕ್ಕದಿರೋವರೆಗೆ ಅಂತ ಬರೀತೀವಿ. ಡೈಕ್‌ಸ್ಟ್ರಾ ಐ ಎನ್‌ಗೆ ಸಮ ಅಲ್ಲದಿರೋವರೆಗೆ ಅಂತ ಬರೆಯುತ್ತಿದ್ದರು. ಯಾಕಂದ್ರೆ ಲೂಪ್ ನಿಂತಾಗ ಗಾರ್ಡ್ ಸುಳ್ಳು, ಅಂದರೆ ಐ ಸರಿಯಾಗಿ ಎನ್, ಅಂದರೆ ಎಸ್ ಪೂರ್ತಿ ಮೊತ್ತ. ಬೇರೆ ಏನೂ ವಾದ ಬೇಡ. ಚಿಕ್ಕದು ಅಂತ ಬರೆದರೆ, ನಿಂತಾಗ ಐ ಎನ್‌ಗೆ ಸಮವೋ ಅಥವಾ ಅದಕ್ಕಿಂತ ದೊಡ್ಡದೋ ಅನ್ನೋದಷ್ಟೇ ಗೊತ್ತಾಗುತ್ತೆ, ದೊಡ್ಡದಲ್ಲ ಅಂತ ಬೇರೆಯಾಗಿ ತೋರಿಸಬೇಕು. ಲೂಪ್ ನಿಂತೇ ನಿಲ್ಲುತ್ತೆ ಅನ್ನೋದಕ್ಕೂ ಲೆಕ್ಕ ಕೊಡಬೇಕು: ಎನ್ ಮೈನಸ್ ಐ ಸುತ್ತುಸುತ್ತಿಗೂ ಇಳಿಯುತ್ತೆ, ಸೊನ್ನೆಗಿಂತ ಕೆಳಗೆ ಹೋಗಲ್ಲ.

ಕಂಪೈಲರ್ ಏನು ಮಾಡುತ್ತೆ ಅನ್ನೋ ಪ್ರಶ್ನೆ ಹೀಗೆ ಓದುವವನು ಏನು ಹೇಳಬಲ್ಲ ಅನ್ನೋ ಪ್ರಶ್ನೆ ಆಯಿತು. ಎಲ್ಲರಿಗೂ ಇದು ಹಿಡಿಸಲಿಲ್ಲ. ದೊಡ್ಡ ಪ್ರೋಗ್ರಾಮುಗಳಿಗೆ ಇಂಥ ರುಜುವಾತು ಬರೆಯೋದು ಆಗೋ ಮಾತಲ್ಲ ಅಂತ ಇಂಡಸ್ಟ್ರಿಯವರು ಅಂದರು. ಡೈಕ್‌ಸ್ಟ್ರಾ ಅವರ ಮೊನಚು ಮಾತಿನಿಂದ ನೊಂದವರೂ ಇದ್ದರು. ಅವರು ಪಟ್ಟು ಸಡಿಲಿಸಲಿಲ್ಲ.

831ನೇ ಟಿಪ್ಪಣಿ

ಡೈಕ್‌ಸ್ಟ್ರಾ ಫೌಂಟನ್ ಪೆನ್ನಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಟಿಪ್ಪಣಿ ಬರೆದು, ತಮ್ಮ ಹೆಸರಿನ ಮೊದಲ ಅಕ್ಷರಗಳಾದ ಇಡಬ್ಲ್ಯೂಡಿ ಜೊತೆ ಒಂದು ನಂಬರ್ ಹಾಕಿ, ಜೆರಾಕ್ಸ್ ಮಾಡಿ ಕೆಲವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅವರು ಮತ್ತೆ ಜೆರಾಕ್ಸ್ ಮಾಡಿ ಹಂಚುತ್ತಿದ್ದರು. ಒಟ್ಟು 1300ಕ್ಕೂ ಹೆಚ್ಚು ಟಿಪ್ಪಣಿಗಳು. 1982ರ ಆಗಸ್ಟ್ 11ರ 831ನೇ ಟಿಪ್ಪಣಿ ಲೂಪ್ ಗಡಿಯ ಬಗ್ಗೆಯೇ ಇದೆ.

2ರಿಂದ 12ರವರೆಗಿನ ಸಂಖ್ಯೆಗಳನ್ನು ನಾಲ್ಕು ಬಗೆಯಲ್ಲಿ ಬರೆಯಬಹುದು: 2 ≤ ಐ < 13, 1 < ಐ ≤ 12, 2 ≤ ಐ ≤ 12, 1 < ಐ < 13. ಮೊದಲೆರಡು ಬಗೆಗಳಲ್ಲಿ ಗಡಿಗಳ ವ್ಯತ್ಯಾಸವೇ ಸಂಖ್ಯೆಗಳ ಎಣಿಕೆ, 11. ಒಂದು ಸಾಲಿನ ಹಿಂದೆ ಇನ್ನೊಂದು ಸಾಲು ಜೋಡಿಸಿದರೆ ಒಂದರ ಕೊನೆಯ ಗಡಿಯೇ ಇನ್ನೊಂದರ ಶುರು. ಉಳಿದೆರಡು ಬಗೆಗೆ ಈ ಅನುಕೂಲ ಇಲ್ಲ. ಮೊದಲೆರಡರಲ್ಲಿ ಯಾವುದು? ಎಣಿಕೆ ಸೊನ್ನೆಯಿಂದ ಶುರುವಾದರೆ ಎರಡನೇ ಬಗೆಯಲ್ಲಿ ಕೆಳಗಿನ ಗಡಿ ಮೈನಸ್ 1 ಅಂತ ಬರೆಯಬೇಕು, ಅದು ಸ್ವಾಭಾವಿಕ ಸಂಖ್ಯೆಯೇ ಅಲ್ಲ. ಹಾಗಾಗಿ ಮೊದಲನೆಯದು ಸರಿ. ಇನ್ನು ಎನ್ ಎಲಿಮೆಂಟ್‌ಗಳಿಗೆ 1ರಿಂದ ಎಣಿಸಿದರೆ ಮೇಲಿನ ಗಡಿ ಎನ್ ಪ್ಲಸ್ 1, ಸೊನ್ನೆಯಿಂದ ಎಣಿಸಿದರೆ ಬರೀ ಎನ್. ಆದ್ದರಿಂದ ಎಣಿಕೆ ಸೊನ್ನೆಯಿಂದಲೇ ಶುರುವಾಗಲಿ. ಜೆರಾಕ್ಸ್ ಪಾರ್ಕ್‌ನ ಮೆಸಾ ಭಾಷೆಯಲ್ಲಿ ನಾಲ್ಕೂ ಬಗೆಗೆ ಅವಕಾಶ ಇತ್ತು, ಉಳಿದ ಮೂರನ್ನು ಬಳಸಿದಾಗ ತಪ್ಪುಗಳು ಹೆಚ್ಚಾದವು ಅನ್ನೋ ಅನುಭವವನ್ನೂ ಅವರು ನೆನೆದರು.

ಸಿ ಭಾಷೆ ಅದಕ್ಕಿಂತ ಮೊದಲೇ ಸೊನ್ನೆಯಿಂದ ಎಣಿಸುತ್ತಿತ್ತು. ಡೈಕ್‌ಸ್ಟ್ರಾ ಕೊಟ್ಟದ್ದು ಹಾಗೆ ಯಾಕೆ ಎಣಿಸಬೇಕು ಅನ್ನೋದಕ್ಕೆ ಕಾರಣ. ಪೈಥಾನ್‌ನ ರೇಂಜ್ ಕೊನೆಯ ಸಂಖ್ಯೆಯನ್ನು ಯಾಕೆ ಬಿಡುತ್ತೆ ಅಂತ ಜೂನಿಯರ್ಸ್ ಕೇಳಿದರೆ ಕೊಡಬಹುದಾದ ಒಳ್ಳೆಯ ಉತ್ತರ ಈ ಟಿಪ್ಪಣಿಯಲ್ಲಿದೆ.

ನಮ್ಮ ಲ್ಯಾಪ್‌ಟಾಪ್‌ನಲ್ಲಿ

ಹಳೆಯ ಪ್ರಶ್ನೆ ಇವತ್ತಿಗೂ ಬದುಕಿದೆ. ಸಿ ಭಾಷೆಯ ಫಾರ್ ಲೂಪ್ ಆಲ್ಗಾಲ್ ದಾರಿಯದ್ದು, ನಡುವಿನ ಷರತ್ತು ಪ್ರತಿ ಸುತ್ತಿಗೂ ಲೆಕ್ಕ ಆಗುತ್ತೆ. ಅಲ್ಲಿ ಸ್ಟ್ರಿಂಗಿನ ಉದ್ದ ಹೇಳುವ ಸ್ಟ್ರ್‌ಲೆನ್ ಬರೆದರೆ, ಅದು ಪ್ರತಿ ಸಲ ಸ್ಟ್ರಿಂಗ್ ಪೂರ್ತಿ ನಡೆದು ಎಣಿಸುತ್ತೆ. ಒಂದು ಲಕ್ಷ ಅಕ್ಷರದ ಸ್ಟ್ರಿಂಗಿಗೆ ಸುಮಾರು ಸಾವಿರ ಕೋಟಿ ಹೆಜ್ಜೆ. ಬಾಡಿಯಲ್ಲಿ ಸ್ಟ್ರಿಂಗ್ ಬದಲಾಗಲ್ಲ ಅಂತ ಕಂಪೈಲರಿಗೆ ಖಾತ್ರಿಯಾದರೆ ಆ ಲೆಕ್ಕವನ್ನು ಲೂಪ್ ಹೊರಗೆ ಎತ್ತಿಡಬಹುದು. ಬಾಡಿಯಲ್ಲಿ ಅದೇ ಸ್ಟ್ರಿಂಗಿನ ಅಕ್ಷರ ತಿದ್ದುತ್ತಿದ್ದರೆ, ನಾವು ನಡುವೆ ಸೊನ್ನೆ ಬರೆದು ಸ್ಟ್ರಿಂಗ್ ತುಂಡು ಮಾಡ್ತೀವೋ ಏನೋ ಅಂತ ಅದಕ್ಕೆ ಭಯ, ಎತ್ತಿಡೋದಿಲ್ಲ. ಪೈಥಾನ್‌ನಲ್ಲಿ ರೇಂಜ್ ಒಳಗೆ ಲೆನ್ ಬರೆದರೆ ಅದು ಒಂದೇ ಸಲ ಲೆಕ್ಕ ಆಗುತ್ತೆ, ಲೂಪ್ ನಡುವೆ ಲಿಸ್ಟ್ ಬೆಳೆದರೂ ಸುತ್ತಿನ ಎಣಿಕೆ ಬದಲಾಗಲ್ಲ.

ಗಡಿ ಒಳಗೋ ಹೊರಗೋ ಅನ್ನೋದೂ ಅಷ್ಟೇ ಮುಖ್ಯ. ಎಂಟು ಬಿಟ್‌ನ ಅನ್‌ಸೈನ್ಡ್ ಕೌಂಟರ್ ಇಟ್ಟು 255ಕ್ಕೆ ಸಮ ಅಥವಾ ಕಡಿಮೆ ಇರೋವರೆಗೆ ಅಂತ ಬರೆದರೆ ಲೂಪ್ ನಿಲ್ಲೋದೇ ಇಲ್ಲ, 255 ಆದ ಮೇಲೆ ಕೌಂಟರ್ ಮತ್ತೆ ಸೊನ್ನೆಗೆ ಬರುತ್ತೆ. ಡೈಕ್‌ಸ್ಟ್ರಾ ಹೇಳಿದ ಬಗೆಗೂ ಇಲ್ಲಿ ಒಂದು ಬೆಲೆ ಇದೆ, 256 ಅನ್ನೋ ಮೇಲಿನ ಗಡಿ ಆ ಎಂಟು ಬಿಟ್‌ನಲ್ಲಿ ಹಿಡಿಸಲ್ಲ, ಕೌಂಟರ್ ದೊಡ್ಡದು ಬೇಕು.

ಕೊನೆಯ ವರ್ಷಗಳು

1984ರಲ್ಲಿ ಡೈಕ್‌ಸ್ಟ್ರಾ ಅಮೆರಿಕದ ಆಸ್ಟಿನ್‌ಗೆ, ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದರು. 1999ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಪಾಠ ಮಾಡಿದರು. ಬಹುಕಾಲ ತಮಗಾಗಿ ಕಂಪ್ಯೂಟರ್ ಇಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಟಿವಿ ಇರಲಿಲ್ಲ, ಪಿಯಾನೋ ಇತ್ತು, ಮೊಜಾರ್ಟ್ ಸಂಗೀತ ಇಷ್ಟ. ರಜೆಯಲ್ಲಿ ರಿಯಾ ಜೊತೆ ಫೋಕ್ಸ್‌ವ್ಯಾಗನ್ ಬಸ್ಸಿನಲ್ಲಿ ನ್ಯಾಷನಲ್ ಪಾರ್ಕ್ ಸುತ್ತುತ್ತಿದ್ದರು, ಆ ಬಸ್ಸಿಗೆ ಟೂರಿಂಗ್ ಮಷೀನ್ ಅಂತ ಹೆಸರಿಟ್ಟಿದ್ದರು. ಕ್ಯಾನ್ಸರ್ ಬಂದ ಮೇಲೆ 2002ರಲ್ಲಿ ನ್ಯೂನೆನ್‌ಗೆ ಮರಳಿ, ಅದೇ ವರ್ಷ ಆಗಸ್ಟ್ 6ರಂದು ತೀರಿಕೊಂಡರು. ವಯಸ್ಸು 72. ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್‌ನ ಒಂದು ಪ್ರಶಸ್ತಿಗೆ ಮರುವರ್ಷದಿಂದ ಅವರ ಹೆಸರು.

ಅವರ ಕೈಬರಹದ ಟಿಪ್ಪಣಿಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯ ಆನ್‌ಲೈನ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. 831ನೆಯದು ಕೆಲವೇ ಪುಟ, ಫಸ್ಟ್ ಇಯರ್‌ನವರಿಗೂ ಅರ್ಥವಾಗುತ್ತೆ, ಬಿಡುವಿದ್ದಾಗ ಓದಿ. ಓದಿದ ಮೇಲೆ ಮುಂದಿನ ಲ್ಯಾಬ್‌ನಲ್ಲಿ ರನ್ ಒತ್ತುವ ಮುಂಚೆ ಒಂದು ಲೂಪ್ ಆರಿಸಿಕೊಳ್ಳಿ. ಅದರ ಲಿಮಿಟ್ ಎಷ್ಟು ಸಲ ಲೆಕ್ಕ ಆಗುತ್ತೆ, ನಿಂತಾಗ ಕೌಂಟರ್ ಎಷ್ಟಿರುತ್ತೆ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟು, ಆಮೇಲೆ ರನ್ ಮಾಡಿ ನೋಡಿ.